ತೂಕ ಮತ್ತು ಅಳತೆಗಳ ಏಕರೂಪತೆ
ಅದರ ಚರಿತ್ರೆಯೂ ರೈತರಿಗೆ ಅದರಿಂದಾಗುವ ಪ್ರಯೋಜನವೂ

ಬೇಸಾಯದಲ್ಲಿ ಬೆಳೆಯನ್ನು ಬೆಳೆಯುವುದು ಒಂದು ವಿದ್ಯೆ. ಬೆಳೆದುದನ್ನು ಅಳೆದು, ತೂಗಿ, ಮಾರುವುದು ಮತ್ತೊಂದು ವಿದ್ಯೆ. ಮೊದಲನೆಯದರಲ್ಲಿ ನಮ್ಮ ರೈತರು ಯಾರಿಗೂ ಕಡಮೆಯಾದವರಲ್ಲ. ಎರಡನೆಯದರಲ್ಲಿ ಮಾತ್ರ ಅವರು ಬಹುಕಾಲದಿಂದ ನಷ್ಟವನ್ನು ಅನುಭವಿಸುತ್ತ ಬಂದಿರುವರು. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸುತ್ತಣ ಗ್ರಾಮಗಳಲ್ಲಿ ರಾಗಿ, ಅವರೆ, ಹುರುಳಿಗಳೂ ಹಿಪ್ಪುನೇರಳೆಯೂ ಬೆಳೆಯುತ್ತವೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೂ ಇತರ ಸರಕು ಚಿಂತಾಮಣಿ ಮೊದಲಾದ ಪೇಟೆಗಳಿಗೂ ಹೋಗುತ್ತವೆ. ಇವೆಲ್ಲಕ್ಕೂ ದೊರೆಯುವ ಹಣವು ಕೊನೆಗೆ ತಕ್ಕಡಿಯ ಮುಳ್ಳಿನ ಮೇಲೆ ನಿಂತಿದೆಯಾದುದರಿಂದ, ತೂಕ ಅಳತೆಗಳ ವಿಚಾರವನ್ನು ಗ್ರಾಮಮುಖ್ಯರೂ ಭೂಮಾಲೀಕರೂ ಚೆನ್ನಾಗಿ ತಿಳಿದಿರುವುದು ಆವಶ್ಯಕ.

ಈ ವಿಷಯವು ಹೊಸದಲ್ಲ. ಸಿಂಧೂ ನದಿಯ ಬಯಲಿನ ಪ್ರಾಚೀನ ಪಟ್ಟಣಗಳಲ್ಲಿ ಒಂದೇ ಪ್ರಮಾಣಕ್ಕೆ ಅನುಗುಣವಾಗಿ ಕಡೆದ ಘನಾಕಾರದ ತೂಕದ ಕಲ್ಲುಗಳು ದೊರೆತಿವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪೌತವಾಧ್ಯಕ್ಷನೆಂಬ ಅಧಿಕಾರಿಯು ಉಕ್ತನಾಗಿದ್ದಾನೆ. ತೂಕಗಳನ್ನು ಕಬ್ಬಿಣದಿಂದಲೋ, ನೀರಿಗೂ ಬಿಸಿಲಿಗೂ ವ್ಯತ್ಯಾಸ ಹೊಂದದ ಪದಾರ್ಥಗಳಿಂದಲೋ ಮಾಡಿಸಿ, ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸತಕ್ಕದ್ದೆಂದು ಅಲ್ಲಿ ವಿಧಿಸಿದೆ. ನಮ್ಮ ನಾಡಿನ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ಗಳೆಗಳ ಹೆಸರುಗಳು ಹೇರಳವಾಗಿವೆ. ಅವುಗಳಲ್ಲಿ ಭೇರುಂಡ ಗಳೆಯೂ ಒಂದು. ಆದರೆ ಒಂದೊಂದು ಸೀಮೆಗೆ ಒಂದೊಂದು ಗಳೆ ಇದ್ದುದೂ ಅದೇ ಶಾಸನಗಳಿಂದ ತಿಳಿಯಬರುತ್ತದೆ.

ಹಿಂದೆ ಮೈಸೂರು ಸೀಮೆಯಲ್ಲಿ ಧಾನ್ಯವನ್ನು ತೂಗುತ್ತಿರಲಿಲ್ಲ. ಪಾವು, ಸೇರು, ಬಳ್ಳ, ಕೊಳಗಗಳಲ್ಲಿ ಅಳೆಯುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿದ್ದರೂ, ಕೊಳಗಕ್ಕೆ ಎಷ್ಟು ಸೇರೆಂಬುದು ಊರಿಂದೂರಿಗೆ ಬೇರೆಯಾಗಿತ್ತು. 1800ರಲ್ಲಿ ಈ ಸೀಮೆಯನ್ನು ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಹೋದ ಹೋದ ಕಡೆಯ ಅಳತೆಗಳನ್ನು ಬೇರೆ ಬೇರೆಯಾಗಿಯೇ ಬರೆದಿಡಬೇಕಾಯಿತು. ಇದಲ್ಲದೆ, ಅಳೆಯುವ ಕೈಯೂ ಅಳತೆಯನ್ನು ಬದಲಾಯಿಸುತ್ತದೆ. ಸೇರಿಗೆ ಧಾನ್ಯವನ್ನು ಮೆಲ್ಲನೆ ಸುರಿದರೆ ಕಡಮೆ ಹಿಡಿಯುವುದು. ಎತ್ತರದಿಂದ ಸುರಿದು ಅಲುಗಿಸಿದರೆ ಹೆಚ್ಚು ಹಿಡಿಯುವುದು. ತಲೆ ಸವರಿದ ಅಳತೆ ಬೇರೆ, ಗೋಪುರ ಕಟ್ಟಿದ ಅಳತೆ ಬೇರೆ. ಕೊಡುವಾಗ ತಲೆ ಸವರಿ, ಹಿಂದಕ್ಕೆ ಪಡೆಯುವಾಗ ಗೋಪುರ ಕಟ್ಟಿಸಿಕೊಂಡರೆ, ಬಡ್ಡಿಯ ಮಾತೇ ಆಡದೆ ಬಡ್ಡಿ ಬಂದಂತಾಯಿತು! ಸಾಲದ ರಾಗಿಯನ್ನು ಪಡೆದ ಬಡ ಒಕ್ಕಲಿಗನು ಇದನ್ನು ಯಾರ ಮುಂದೆ ಹೇಳಿಕೊಂಡಾನು?

ತೂಕದ ವಿಷಯದಲ್ಲಿಯೂ ಗೊಂದಲವು ಕಡಮೆಯಾಗಿರಲಿಲ್ಲ. ಮಣವೆಂಬ ಹೆಸರು ಒಂದೇ ಆದರೂ, ಮದರಾಸಿನ ಮಣಕ್ಕೆ 25 ಪೌಂಡು, ಮುಂಬಯಿಯ ಮಣಕ್ಕೆ 28 ಪೌಂಡು, ಬಂಗಾಳದ ಮಣಕ್ಕೆ 82 ಪೌಂಡಿಗೂ ಮೇಲು. ಈಗಿನ ಲೆಕ್ಕದಲ್ಲಿ ಇವು ಕ್ರಮವಾಗಿ ಸುಮಾರು 11.3, 12.7 ಮತ್ತು 37.3 ಕಿಲೋಗ್ರಾಂಗಳು. ಮಣಕ್ಕೆ ಇಷ್ಟು ರೂಪಾಯಿ ಎಂಬ ಧಾರಣೆಯನ್ನು ಕೇಳಿದ ರೈತನಿಗೆ, ಯಾವ ಮಣವೆಂಬುದು ತಿಳಿಯದಿದ್ದರೆ ಆ ಧಾರಣೆಯಿಂದ ಏನು ಫಲ?

ಈ ತೊಡಕನ್ನು ನಿವಾರಿಸುವ ಯತ್ನವು ಹಂತಹಂತವಾಗಿ ನಡೆಯಿತು. 1833ರಲ್ಲಿ ಬಂಗಾಳದಲ್ಲಿ 180 ಗ್ರೇನಿನ ತೊಲವನ್ನೂ, 80 ತೊಲದ ಸೇರನ್ನೂ, 40 ಸೇರಿನ ಮಣವನ್ನೂ ಗೊತ್ತುಮಾಡಿದರು. ಮೈಸೂರಿನಲ್ಲಿ 1863ರಿಂದ ಮೊದಲಾದ ಸರ್ವೆಯು ಭೂಮಿಯ ಅಳತೆಯನ್ನು ಸ್ಥಿರಪಡಿಸಿತು. ಅದಕ್ಕೆ ಮುಂಚೆ ಬೀಜ ಹಿಡಿಯುವಷ್ಟರ ಮೇಲೆ ಖಂಡುಗ, ಕೊಳಗವೆಂದು ಹೊಲವನ್ನು ಹೇಳುತ್ತಿದ್ದರು. ತರಿಯ ಖಂಡುಗಕ್ಕಿಂತ ಖುಷ್ಕಿಯ ಖಂಡುಗವು ಎಷ್ಟೋ ವಿಸ್ತಾರವಾದುದು. 33 ಅಡಿಯ ಸರಪಳಿಯ ಒಂದು ಚದರಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂದಾದ ಮೇಲೆ ಎಲ್ಲೆಯ ವ್ಯಾಜ್ಯಗಳನ್ನು ತೀರ್ಮಾನಿಸಲು ಒಂದು ಆಧಾರ ದೊರೆಯಿತು. ಸ್ವಾತಂತ್ರ್ಯಾನಂತರ 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯು ಅಂಗೀಕೃತವಾಗಿ, 1958ರ ಅಕ್ಟೋಬರಿನಿಂದ ಕ್ರಮೇಣ ಬಳಕೆಗೆ ಬಂದಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ. ಸೇರು, ಮಣಗಳ ಲೆಕ್ಕದಲ್ಲಿ ಬೆಲೆ ಹೇಳಿ ವ್ಯಾಪಾರ ಮಾಡುವುದು ಇದಕ್ಕೆ ಸಮ್ಮತವಲ್ಲ.

ಏಕರೂಪದ ತೂಕವಿದ್ದ ಮಾತ್ರಕ್ಕೆ ಮೋಸವು ತಾನಾಗಿ ನಿಲ್ಲುವುದಿಲ್ಲ; ಮೋಸವನ್ನು ಹಿಡಿಯುವ ಸಾಧನವು ಮಾತ್ರ ರೈತನ ಕೈಗೆ ಬರುತ್ತದೆ. ಒಬ್ಬನು 70 ಕಿಲೋ ಗೂಡನ್ನು ಮಾರಿದನೆನ್ನೋಣ. ತಕ್ಕಡಿಯು ನೂರಕ್ಕೆ ಎರಡರಷ್ಟು ಕಡಮೆ ತೋರಿಸಿದರೆ 1 ಕಿಲೋ 400 ಗ್ರಾಂ ಹೋಯಿತು. ಕಿಲೋಗೆ 500 ರೂಪಾಯಿ ಎಂದಿಟ್ಟುಕೊಂಡರೆ, ನಷ್ಟ 700 ರೂಪಾಯಿ. ವರ್ಷಕ್ಕೆ ಐದು ಬೆಳೆಯಾದರೆ 3,500 ರೂಪಾಯಿ. ತೂಕವು ಸರಿಯಾಗಿದ್ದರೂ ಸರಕಿನ ಸ್ಥಿತಿಯನ್ನು ನೋಡಬೇಕು. ನೂರಕ್ಕೆ 16ರಷ್ಟು ತೇವವಿರುವ 100 ಕಿಲೋ ರಾಗಿಯನ್ನು 12ಕ್ಕೆ ಇಳಿಯುವಂತೆ ಒಣಗಿಸಿದರೆ ಸುಮಾರು 95½ ಕಿಲೋ ಉಳಿಯುವುದು. ಕೊಳ್ಳುವವರು ಈ ಲೆಕ್ಕವನ್ನು ಮರೆಯಬಾರದು. ಗೊಬ್ಬರವನ್ನು ಚೀಲದ ಲೆಕ್ಕದಲ್ಲಿ ಹಾಕುವವರೂ ಎಚ್ಚರದಿಂದಿರತಕ್ಕದ್ದು. ಮೊದಲು 50 ಕಿಲೋ ಇದ್ದ ಯೂರಿಯಾ ಚೀಲವು 2018ರಲ್ಲಿ 45 ಕಿಲೋ ಆಯಿತು; ಅದರಲ್ಲಿಯ ಸಾರಜನಕವು 23 ಕಿಲೋದಿಂದ 20.7 ಕಿಲೋಗೆ ಇಳಿಯಿತು.

ತಕ್ಕಡಿಯನ್ನು ಪರೀಕ್ಷಿಸುವುದು ಕಷ್ಟವಲ್ಲ. ದಂಡಿಯ ತಕ್ಕಡಿಯಾದರೆ, ಸರಕನ್ನು ಒಂದು ತಟ್ಟೆಯಲ್ಲಿಟ್ಟು ತೂಗಿ, ಬಳಿಕ ಸರಕನ್ನೂ ಕಲ್ಲನ್ನೂ ಅದಲುಬದಲಾಗಿ ಇಡಬೇಕು. ಎರಡು ಸಲವೂ ಸಮನಾಗಿ ನಿಲ್ಲದಿದ್ದರೆ ದಂಡಿಯ ತೋಳುಗಳು ಸಮವಾಗಿಲ್ಲವೆಂದು ತಿಳಿಯಬಹುದು. ವಿದ್ಯುತ್ ತಕ್ಕಡಿಯಾದರೆ, ಸಮತಟ್ಟಾದ ನೆಲದ ಮೇಲೆ ನಿಂತಿದೆಯೇ, ಸರಕಿಡುವ ಮುನ್ನ ಸೊನ್ನೆ ತೋರಿಸುವುದೇ ಎಂಬುದನ್ನು ನೋಡಿ, ಮುದ್ರೆಯುಳ್ಳ ತೂಕವನ್ನು ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ಇಟ್ಟು ಪರೀಕ್ಷಿಸಬೇಕು. ಬುಟ್ಟಿ, ಕ್ರೇಟುಗಳ ತೂಕವನ್ನು ಬೇರೆಯಾಗಿ ತೂಗಿ ಕಳೆಯಬೇಕು. ತೂಕದ ಕಲ್ಲುಗಳಿಗೂ ದಂಡಿಯ ತಕ್ಕಡಿಗೂ 24 ತಿಂಗಳಿಗೊಮ್ಮೆ, ವಿದ್ಯುತ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಾಗಬೇಕು. ಮುದ್ರೆಯ ಅವಧಿಯನ್ನು ನೋಡಲು ಕೇಳುವುದು ರೈತನ ಹಕ್ಕೇ ಹೊರತು ವ್ಯಾಪಾರಿಗೆ ಮಾಡುವ ಅವಮಾನವಲ್ಲ.

ಗ್ರಾಮಮುಖ್ಯರಲ್ಲಿ ಒಂದು ಸೂಚನೆ. ಒಂದು, ಐದು, ಹತ್ತು ಮತ್ತು ಇಪ್ಪತ್ತು ಕಿಲೋಗಳ ಮುದ್ರೆಯುಳ್ಳ ತೂಕಗಳ ಒಂದು ಸೆಟ್ಟನ್ನು ಊರಿನ ಸಹಕಾರ ಸಂಘದಲ್ಲಾಗಲಿ ಪಂಚಾಯತಿಯಲ್ಲಾಗಲಿ ಇರಿಸಿದರೆ, ಸರಕು ಕೊಳ್ಳಲು ಊರಿಗೆ ಬಂದ ತಕ್ಕಡಿಯನ್ನು ಅಲ್ಲಿಯೇ ಪರೀಕ್ಷಿಸಬಹುದು. ಇದಕ್ಕೆ ತಗಲುವ ವೆಚ್ಚ ಅಲ್ಪ. ಭೂಮಾಲೀಕರು ಸಹ ಕೂಲಿಯ ಧಾನ್ಯವನ್ನೂ ಕಡದ ಧಾನ್ಯವನ್ನೂ ಇದೇ ತೂಕದಿಂದ ಕೊಟ್ಟು ಇದೇ ತೂಕದಿಂದ ಪಡೆಯಲಿ. ತಾವು ಪೇಟೆಯಲ್ಲಿ ಅಪೇಕ್ಷಿಸುವ ನ್ಯಾಯವನ್ನು ಮನೆಯ ಕಣದಲ್ಲಿ ಮೊದಲು ನಡೆಸಿದವರ ಮಾತಿಗೆ ಪೇಟೆಯಲ್ಲಿಯೂ ಬೆಲೆ ಉಂಟು.