ಎಂಟು ವಾರವೋ, ಆರು ವಾರವೋ?
"ಅಮ್ಮಾ, ಡಾಕ್ಟರ್ ಎಂಟು ವಾರ ಅಂತಾರೆ, ನಮ್ಮ ಲೆಕ್ಕಕ್ಕೆ ಆರೇ ಬರ್ತದೆ!" ಮಗಳು ಪುಣೆಯಿಂದ ಫೋನ್ ಮಾಡಿದರೆ ಊರಲ್ಲಿ ಅಮ್ಮನಿಗೂ ಗಾಬರಿ. ಗಾಬರಿ ಬೇಡ. ಲೆಕ್ಕ ಶುರುವಾಗುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಅದಕ್ಕೆ 9 ತಿಂಗಳು 7 ದಿನ ಸೇರಿಸಿ: ಜನವರಿ 10 ಆದರೆ ಅಕ್ಟೋಬರ್ 17, ಒಟ್ಟು 40 ವಾರ. ಅಂದಾಜು ಅಷ್ಟೇ, ಸರಿಯಾಗಿ ಅದೇ ದಿನ ಹೆರಿಗೆಯಾಗುವವರು ಕಡಿಮೆ.

ಮುಟ್ಟು ಏರುಪೇರಾಗುವವರಿಗೆ, ತಾರೀಖು ಮರೆತವರಿಗೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಬೇಕೇ ಬೇಕು. ಕೊನೆಯ ತಿಂಗಳುಗಳ ಸ್ಕ್ಯಾನ್ ಹೇಳುವ ದಿನ ಎರಡು-ಮೂರು ವಾರ ಹಿಂದೆ ಮುಂದೆ ಆಗಬಹುದು. ಹೆರಿಗೆಗೆ ತವರಿಗೆ ಹೊರಡುವಾಗ ಸೀರೆಗಿಂತ ಮೊದಲು ಆ ಹಳೆಯ ರಿಪೋರ್ಟ್ ಬ್ಯಾಗಿಗೆ ಹಾಕಿ. ಮಗು ಬೆಳೆದಿಲ್ಲವೋ, ತಿಂಗಳೇ ತುಂಬಿಲ್ಲವೋ ಎಂದು ಊರಿನ ಡಾಕ್ಟರಿಗೆ ತಿಳಿಯುವುದು ಅದರಿಂದ.