ಹಿರಿಯರ ನಡಿಗೆ, ಮನೆಯವರ ಕಣ್ಣು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಮಲವಗೊಪ್ಪದಲ್ಲಿ ನಮ್ಮ ಮನೆ. ನನ್ನ ತಂದೆಯವರಿಗೆ 81 ವರ್ಷ. ಕಳೆದ ಮಳೆಗಾಲದಲ್ಲಿ ವೈದ್ಯರು ಅವರ ಓಡಾಟ ಹೇಗಿದೆಯೆಂದು ಕೇಳಿದಾಗ, ನಾನು ಹಿಂದುಮುಂದು ನೋಡದೆ "ಚೆನ್ನಾಗಿದೆ" ಎಂದುಬಿಟ್ಟೆ. ತಂದೆಯವರೂ ತಲೆದೂಗಿದರು. ಮನೆಗೆ ಬಂದ ಮೇಲೆ ನನ್ನ ಪತ್ನಿ ಮೆಲ್ಲನೆ ಹೇಳಿದಳು: "ಮಾವನವರು ರಾತ್ರಿ ಬಚ್ಚಲಿಗೆ ಗೋಡೆ ಹಿಡಿದೇ ಹೋಗುತ್ತಾರೆ. ಎರಡು ಸಲ ಹೊಸ್ತಿಲಲ್ಲಿ ಮುಗ್ಗರಿಸಿದ್ದಾರೆ. ನಿಮಗೆ ಹೇಳಬೇಡವೆಂದಿದ್ದರು."

ಹಿರಿಯರು ಏನು ಮಾಡಬಲ್ಲರು ಎಂಬುದು ಒಂದು. ದಿನವೂ ಏನು ಮಾಡುತ್ತಾರೆ ಎಂಬುದು ಇನ್ನೊಂದು. ಮೊದಲನೆಯದನ್ನು ವೈದ್ಯರು ಅಳೆಯಬಲ್ಲರು. ಎರಡನೆಯದನ್ನು ಬಲ್ಲವರು ಮನೆಯವರು ಮಾತ್ರ.

ಅಳೆಯುವ ವಿಧಾನ ಸರಳವಾದುದು. 1991ರಲ್ಲಿ ಪೋಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಎಂಬುವರು ಇದನ್ನು ಪ್ರಕಟಿಸಿದರು. ತೋಳುಳ್ಳ ಕುರ್ಚಿಯಿಂದ ಎದ್ದು, 3 ಮೀಟರು ಎಂದಿನ ನಡಿಗೆಯಲ್ಲಿ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ನಿತ್ಯದ ಪಾದರಕ್ಷೆಯೇ ಇರಲಿ. ಊರುಗೋಲು ಬಳಸುವವರು ಅದನ್ನು ಹಿಡಿಯಬಹುದು. ಪಕ್ಕದಲ್ಲೊಬ್ಬರು ಕಾಪಿಗೆ ನಿಲ್ಲಬೇಕು, ಕೈಹಿಡಿಯಬಾರದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವುಂಟೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ಎಣಿಸುತ್ತದೆ. ಮತ್ತೆ ವೈದ್ಯರಲ್ಲಿಗೆ ಹೋದಾಗ ನಮ್ಮ ತಂದೆಯವರಿಗೆ 17 ಸೆಕೆಂಡು ಹಿಡಿಯಿತು.

ಆದರೆ ಅಂಕಿಯೊಂದೇ ಸಾಲದು. ಏಳುವಾಗ ಕೈಯೂರುವರೇ? ತಿರುಗುವಾಗ ತಡವರಿಸುವರೇ? ಮಾತನಾಡಿಸಿದರೆ ನಡಿಗೆ ನಿಲ್ಲುವುದೇ? ಹಾಸಿಗೆಯಿಂದ ಎದ್ದೊಡನೆ ತಲೆ ತಿರುಗುವುದೇ? ಕಳೆದ ವರ್ಷದಲ್ಲಿ ಎಷ್ಟು ಸಲ ಬಿದ್ದರು, ಎಲ್ಲಿ, ಯಾವ ಹೊತ್ತಿನಲ್ಲಿ? ಇವನ್ನು ಬರೆದಿಟ್ಟು, ಸೇವಿಸುವ ಔಷಧಿಗಳ ಪಟ್ಟಿಯೊಡನೆ ವೈದ್ಯರಿಗೆ ಒಪ್ಪಿಸಬೇಕು. ನಿದ್ರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳೂ ಕೆಲವೊಮ್ಮೆ ಕಾಲು ತಪ್ಪಿಸುತ್ತವೆ.

ಮನೆಯವರ ಕಣ್ಣೂ ತಪ್ಪುವುದುಂಟು. ನನ್ನಂತಹವರು ಅಭಿಮಾನದಿಂದ ಎಲ್ಲವೂ ಸರಿಯೆನ್ನುತ್ತೇವೆ. ಇನ್ನು ಕೆಲವರು ಅಕ್ಕರೆಯಿಂದ ನೀರಿನ ಲೋಟವನ್ನೂ ಕೈಗೇ ಕೊಡುತ್ತಾರೆ. ಆಗ ಇರುವ ಶಕ್ತಿ ಕಾಣದೆ ಹೋಗುತ್ತದೆ, ಬಳಕೆಯಿಲ್ಲದೆ ಕುಂದುತ್ತದೆ. ಆದ್ದರಿಂದ ಹತ್ತಿರವಿದ್ದು ಆರೈಕೆ ಮಾಡುವವರನ್ನು ಕೇಳಬೇಕು. ಹಿರಿಯರನ್ನೇ, ಅವರ ಎದುರಿನಲ್ಲಿಯೇ, ಮೊದಲು ಕೇಳಬೇಕು.

ಏಕೆ ಬಚ್ಚಿಟ್ಟಿರೆಂದು ತಂದೆಯವರನ್ನು ಕೇಳಿದೆ. "ಹೇಳಿದ್ದರೆ ನನ್ನನ್ನು ಜಗಲಿ ಇಳಿಯಲು ಬಿಡುತ್ತಿದ್ದೆಯಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ದೀಪವಿದೆ, ಗೋಡೆಗೆ ಹಿಡಿಕೆಯಿದೆ. ವೈದ್ಯರು ಹೇಳಿಕೊಟ್ಟ ಕಾಲಿನ ವ್ಯಾಯಾಮ ಬೆಳಿಗ್ಗೆ ನಡೆಯುತ್ತದೆ. ತಂದೆಯವರ ಸಂಜೆಯ ತಿರುಗಾಟ ಮಾತ್ರ ನಿಂತಿಲ್ಲ.