ಗೋಕಾಕದ ಮರದ ಮಾವು

ಗೋಕಾಕಕ್ಕೆ ಹೋದವರು ಕರದಂಟು ಕಟ್ಟಿಸಿಕೊಳ್ಳದೆ ಬರುವುದಿಲ್ಲ. ಮಳೆಗಾಲವಾದರೆ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವುದನ್ನು ಕಣ್ತುಂಬಿಕೊಂಡು, ತೂಗುಸೇತುವೆಯನ್ನೂ ನೋಡಿ ಬರುತ್ತಾರೆ. ಆದರೆ ಈ ಊರಿಗೆ ಹೆಸರು ತಂದ ಇನ್ನೊಂದು ವಸ್ತುವಿದೆ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣು, ಕಾಯಿಪಲ್ಲೆ, ಹಕ್ಕಿ, ಗೊಂಬೆಗಳು. 20ನೇ ಶತಮಾನದ ಆರಂಭದ ಇಂಪೀರಿಯಲ್ ಗೆಜೆಟಿಯರ್ ಗೋಕಾಕದ ಬಗ್ಗೆ ಬರೆಯುವಾಗ, ಹಗುರ ಮರದಲ್ಲೂ ಸುತ್ತಮುತ್ತ ಸಿಗುವ ವಿಶಿಷ್ಟ ಮಣ್ಣಿನಲ್ಲೂ ಇಲ್ಲಿ ತಯಾರಾಗುವ ಆಟಿಕೆಗಳನ್ನು ಮರೆಯದೆ ದಾಖಲಿಸಿದೆ.

ಇದು ಜೀನಗಾರರ ಕೈಕಸುಬು. ಮೂಲತಃ ಕುದುರೆಯ ಜೀನು ಹೊಲಿಯುತ್ತಿದ್ದ ಈ ಸಮುದಾಯ ಚರ್ಮ, ಮರ, ಲೋಹ, ಬಣ್ಣ ಎಲ್ಲದರಲ್ಲೂ ಕೈ ಪಳಗಿಸಿಕೊಂಡಿತ್ತು. ಕುದುರೆಗಳ ಕಾಲ ಮುಗಿದಾಗ ಉಳಿದದ್ದು ಆ ಪಳಗಿದ ಕೈ.

ಆಟಿಕೆ ಎಂದೊಡನೆ ನಮಗೆ ನೆನಪಾಗುವುದು ಚನ್ನಪಟ್ಟಣ. ಅಲ್ಲಿ ಮರ ಚರಕಿಯ ಮೇಲೆ ತಿರುಗುತ್ತದೆ, ಅರಗಿನ ಬಣ್ಣ ಅಲ್ಲೇ ಕೂರುತ್ತದೆ, ಆಕಾರ ಸರಳ, ದುಂಡು. ಕೊಪ್ಪಳದ ಕಿನ್ನಾಳದವರ ಮನಸ್ಸು ದೇವರ ಮೂರ್ತಿಗಳ ಕಡೆಗೆ. ಗೋಕಾಕದ ಹಟವೇ ಬೇರೆ: ಬುಟ್ಟಿಯಲ್ಲಿಟ್ಟರೆ ನಿಜವಾದ ಹಣ್ಣೆಂದು ಕೈ ಚಾಚಬೇಕು.

ಅದಕ್ಕೆ ಮೊದಲು ಬೇಕಾದದ್ದು ತಾಳ್ಮೆ. ಹಸಿ ಮರ ಕೆತ್ತಿದರೆ ಆಮೇಲೆ ಒಣಗಿ ಬಿರುಕು ಬಿಡುತ್ತದೆ. ಹಾಗಾಗಿ ಮೆದು ಮರದ ತುಂಡುಗಳನ್ನು ಚೆನ್ನಾಗಿ ಒಣಗಿಸಬೇಕು. ಉಳಿಯಿಂದ ರೂಪ ತೆಗೆದು, ಉಜ್ಜಿ ನಯ ಮಾಡಿ, ಸಂದುಗಳನ್ನು ತುಂಬಿ, ಮೇಲೆ ಬಿಳಿ ಲೇಪ ಕೊಡಬೇಕು. ಬರಿ ಮರಕ್ಕೆ ಬಣ್ಣ ಹಚ್ಚಿದರೆ ಅದು ಹೀರಿಕೊಂಡು ಮಂಕಾಗುತ್ತದೆ, ಬಿಳಿಯ ಮೇಲೆ ಹಚ್ಚಿದರೆ ಬೆಳಗುತ್ತದೆ. ಕೊನೆಗೆ ಬಣ್ಣ, ಅದರ ಮೇಲೆ ವಾರ್ನಿಶ್.

ಇಷ್ಟನ್ನು ಯಾರಾದರೂ ಕಲಿಯಬಹುದು. ಹಣ್ಣು ಹಣ್ಣಾಗುವುದು ಇದರಾಚೆಗೆ. ಬದನೆಕಾಯಿಯ ತೊಟ್ಟಿನ ಹಸಿರು ಟೊಪ್ಪಿಗೆಯನ್ನು ಸ್ವಲ್ಪ ಎತ್ತಿ ನೋಡಿ: ಬಿಸಿಲು ಕಾಣದ ಆ ಅಂಚಿನಲ್ಲಿ ನೇರಳೆ ಕರಗಿ ಬಿಳಿಚಿಕೊಂಡಿರುತ್ತದೆ. ಮಾವಿನ ಕೆಂಪು ಇರುವುದು ಬಿಸಿಲು ಬಿದ್ದ ಹೆಗಲಿನ ಮೇಲೆ ಮಾತ್ರ. ಮಾಗಿದ ಸೀತಾಫಲದ ಕಣ್ಣುಗಳ ನಡುವಿನ ಗೆರೆ ಕೆನೆಬಣ್ಣಕ್ಕೆ ತಿರುಗುತ್ತದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ತೆಳ್ಳಗೆ, ಉದ್ದ. ಅದನ್ನು ಬ್ಯಾಡಗಿಯಂತೆ ಸುಕ್ಕುಸುಕ್ಕಾಗಿ ಕೆತ್ತಿದರೆ ಈ ಸೀಮೆಯ ಯಾವ ಹೆಣ್ಣುಮಗಳೂ ಒಪ್ಪುವುದಿಲ್ಲ. ವಾರ್ನಿಶ್ ವಿಷಯದಲ್ಲೂ ಅಷ್ಟೆ. ಬದನೆ, ಟೊಮೆಟೊ ಹೊಳೆಯಲಿ, ಚಿಕ್ಕು ಹೊಳೆದರೆ ಕೆಟ್ಟಿತು. ಎಲ್ಲಕ್ಕೂ ಒಂದೇ ಹೊಳಪು ಬಳಿದ ಬುಟ್ಟಿ ದೂರದಿಂದಲೇ ಆಟಿಕೆ ಎಂದು ಸಾರಿಬಿಡುತ್ತದೆ.

ಪ್ಲಾಸ್ಟಿಕ್‌ನಲ್ಲಿ ಯುದ್ಧಟ್ಯಾಂಕಿನ 1:35 ಅಳತೆಯ ಮಾದರಿ ಜೋಡಿಸುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ. ಅವರು ತಲೆಕೆಡಿಸಿಕೊಳ್ಳುವುದೂ ಇಂಥದ್ದಕ್ಕೇ. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಟಿ-55 ಟ್ಯಾಂಕಿನ ಉಕ್ಕಿನ ಪಟ್ಟಿ ತನ್ನದೇ ಭಾರಕ್ಕೆ ಚಕ್ರಗಳ ನಡುವೆ ಜೋಲುತ್ತದೆ. ಮಾದರಿಯ ಪಟ್ಟಿಗೆ ತೂಕವಿಲ್ಲ, ನೆಟ್ಟಗೆ ಬಿಗಿದು ನಿಲ್ಲುತ್ತದೆ. ಅದನ್ನು ಚಕ್ರಗಳಿಗೆ ಅಂಟಿಸಿ ಜೋಲುವಂತೆ ಮಾಡಿ, ನೆಲಕ್ಕೆ ಉಜ್ಜುವ ಕಡೆ ಲೋಹದ ಮಿನುಗು, ಸಂದಿಯಲ್ಲಿ ಕೆಸರು, ಉಳಿದೆಡೆ ತುಕ್ಕು ತೋರಿಸಿದಾಗಲೇ ಟ್ಯಾಂಕು ಓಡಿ ಬಂದಂತೆ ಕಾಣುವುದು. ಗೋಕಾಕದ ಮಾವೂ ಮರದ್ದು, ರಸವಿಲ್ಲದ್ದು. ಬಿಸಿಲು, ಮಾಗುವಿಕೆ, ತೊಟ್ಟಿನಿಂದ ಕಿತ್ತ ಗುರುತು ಇವನ್ನೆಲ್ಲ ಕೈಯಿಂದಲೇ ತರಬೇಕು. ನೈಜತೆ ಎಂಬುದು ಅಂದದಲ್ಲಿಲ್ಲ, ವಸ್ತು ಬದುಕಿದ ಗುರುತಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಹಣ್ಣುಗಳಷ್ಟೇ ಅಲ್ಲ, ಅಗಸ, ದರ್ಜಿ, ಚಮ್ಮಾರ ಹೀಗೆ ಕಸುಬುದಾರರ ಗೊಂಬೆಗಳೂ ಇಲ್ಲಿ ಹುಟ್ಟಿವೆ. ಊರಿನಲ್ಲಿ ಎಷ್ಟೋ ಕಸುಬುಗಳು ಮರೆಯಾದ ಮೇಲೆ ಈ ಗೊಂಬೆಗಳೇ ದಾಖಲೆಯಾಗಿವೆ.

ಮರದ ಹಣ್ಣುಗಳಿಗೆ ಪೆಟ್ಟು ಕೊಟ್ಟದ್ದು ಅಚ್ಚಿನಲ್ಲಿ ಸುರಿದ ಪ್ಲಾಸ್ಟಿಕ್ ಹಣ್ಣು. ಅದು ಅಗ್ಗ, ಒಡೆಯುವುದಿಲ್ಲ, ಎಲ್ಲ ಪೇಟೆಗಳಲ್ಲೂ ಸಿಗುತ್ತದೆ. ಆದರೆ ಒಂದು ಅಚ್ಚಿನ ನೂರು ಮಾವು ಒಂದೇ ಮುಖದವು. ಕೈಯಿಂದ ಕೆತ್ತಿದ ಎರಡು ಮಾವು ಎಂದೂ ಒಂದೇ ಆಗಿರುವುದಿಲ್ಲ, ಮರದಲ್ಲಿ ಬಿಟ್ಟವು ಹೇಗೋ ಹಾಗೆ. ಆದರೂ ಗಿರಾಕಿ ಎರಡರ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡುತ್ತಾನೆ. ದಿನಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಕೂಲಿಯೂ ಗಿಟ್ಟದಿದ್ದರೆ ಮಕ್ಕಳು ಉಳಿ ಹಿಡಿಯಲಿ ಎಂದು ಯಾವ ತಂದೆ ಹೇಳುತ್ತಾನೆ?

ಕಸುಬು ಉಳಿಯಲು ಒಂದು ದಾರಿಯಿದೆ. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದ ಮೂಡಲಗಿ ಈಗ ತಾನೇ ತಾಲ್ಲೂಕು ಕೇಂದ್ರ, ಪಕ್ಕದಲ್ಲೇ ಹುಕ್ಕೇರಿ. ಈ ಮೂರೂ ತಾಲ್ಲೂಕುಗಳ ಶಾಲೆ, ಅಂಗನವಾಡಿಗಳು ಹಣ್ಣು ತರಕಾರಿ ಕಲಿಸಲು ಚಿತ್ರಪಟ ನೇತುಹಾಕುವ ಬದಲು ಒಂದೊಂದು ಬುಟ್ಟಿ ಮರದ ಹಣ್ಣು ಕೊಂಡರೂ ಕುಶಲಕರ್ಮಿಗಳಿಗೆ ವರ್ಷವಿಡೀ ಕೆಲಸ ಸಿಕ್ಕೀತು. ಸರಕಾರ ಅದನ್ನು ಮಾಡಲಿ. ನೀವು ಗೋಕಾಕಕ್ಕೆ ಹೋದಾಗ ಕರದಂಟಿನ ಜೊತೆಗೆ ಮರದ ಹಣ್ಣನ್ನೂ ಕೇಳಿ ಕೊಳ್ಳಿ. ತೊಟ್ಟು ನೋಡಿ, ಬಣ್ಣ ನೋಡಿ, ಚೆನ್ನಾಗಿದ್ದರೆ ಚೌಕಾಸಿ ಮಾಡದೆ ಹೇಳಿದ ಬೆಲೆ ಕೊಡಿ.